ಪಟ್ಟಿಯಲ್ಲಿಲ್ಲದ ಗಂಟಲು

ಚಳಿ ಮುಗಿದಿತ್ತು, ಬಿಸಿಲು ಇನ್ನೂ ಮೈಗೆ ಕಚ್ಚುತ್ತಿರಲಿಲ್ಲ. ಅಂಥ ಒಂದು ಗುರುವಾರ ಬೆಳಿಗ್ಗೆ ಏಳೂವರೆಗೆ ಇದೆಲ್ಲ ಶುರುವಾಯಿತು.

ಹೈಸ್ಕೂಲಿನ ಹಿಂಬದಿಯ ಬ್ಯಾಂಡ್ ಕೋಣೆಯಲ್ಲಿ ಊದೋ ಮೇಷ್ಟ್ರು ಹನ್ನೆರಡು ಬ್ಯೂಗಲ್‌ಗಳನ್ನು ಬೆಂಚಿನ ಮೇಲೆ ಸಾಲಾಗಿ ಮಲಗಿಸಿ, ಒಂದೊಂದನ್ನೇ ಎತ್ತಿ ಊದಿ, ಹೆಗಲ ಮೇಲಿನ ಟವಲಿನಿಂದ ಒರೆಸಿ, ಹುಡುಗ ಹುಡುಗಿಯರಿಗೆ ಒಬ್ಬೊಬ್ಬರಿಗೂ ಕೊಡುತ್ತಿದ್ದರು. ಮೂವತ್ತು ವರ್ಷದಿಂದ ಇದೇ ಪದ್ಧತಿ. ತಾವು ಊದಿ ನೋಡದ ಬ್ಯೂಗಲ್ ಮಕ್ಕಳ ಕೈಗೆ ಹೋಗಕೂಡದು. ಹಿತ್ತಾಳೆ ಹಿಡಿದೂ ಹಿಡಿದೂ ಅವರ ಹೆಬ್ಬೆರಳಿಗೆ ಕಿಲುಬಿನ ಹಸಿರು ಹತ್ತಿ, ಯಾವ ಸೋಪಿಗೂ ಜಗ್ಗದೆ ಅಲ್ಲೇ ಮನೆ ಮಾಡಿತ್ತು.

ಮೇಲಿನ ಎರಡು ಮುಂದಿನ ಹಲ್ಲು ಮಾತ್ರ ಈಚೆಗೆ ಅಲ್ಲಾಡುತ್ತಿದ್ದವು. ಹಲ್ಲಿನ ಡಾಕ್ಟರು ನೋಡಿ, "ಇವು ಇರೋವರೆಗೂ ಊದಿ. ಆಮೇಲೆ ಶಿಳ್ಳೆಯೂ ಬರಲ್ಲ" ಎಂದಿದ್ದರು. ಶನಿವಾರ ಹೊಸ ಸೇತುವೆ ತೆರೆಯುವ ದಿನ. ಬ್ಯಾಂಡಿಗೂ ಮುಂಚೆ ಒಬ್ಬರೇ ಊದುವ ಮೊದಲ ಕೂಗು ಇರುತ್ತದಲ್ಲ, ಅದನ್ನು ಮೇಷ್ಟ್ರೇ ಊದಬೇಕು. ಆ ಸೇತುವೆ ಏಳಲು ಒಂಬತ್ತು ವರ್ಷ ಹಿಡಿದಿತ್ತು. ಅಷ್ಟೂ ವರ್ಷ ಅವರು ಕಾದಿದ್ದು ಆ ಒಂದು ಉಸಿರಿಗೆ. ಅಲ್ಲಿಯವರೆಗೆ ಹಲ್ಲು ನಿಂತರೆ ಸಾಕು ಎಂದು ಗಟ್ಟಿ ಪದಾರ್ಥವನ್ನೇ ಬಿಟ್ಟಿದ್ದರು.

ಆರನೆಯ ಬ್ಯೂಗಲ್ ಬಾಯಿಗಿಡುವಾಗ ಡ್ರಿಲ್ ಮೇಷ್ಟ್ರು ಒಂದು ಕಾಗದ ಬೀಸಿಕೊಂಡು ಒಳಗೆ ಬಂದರು. ಈ ಕೋಣೆಯ ಮೇಲೆ ಅವರಿಗೆ ಹಳೆಯ ಕಣ್ಣು. ಬ್ಯಾಂಡು ಎದ್ದುಹೋದರೆ ತಮ್ಮ ಚೆಂಡು, ಚಾಪೆ ಇಲ್ಲಿಡಬಹುದಲ್ಲ ಎಂದು.

"ಕೇಳಿದ್ರಾ ಮೇಷ್ಟ್ರೇ? ಗಂಟಲು ಪರೀಕ್ಷೆಯೋರು ಹೆಡ್‌ಮಿಸ್ಸಿಗೆ ಬರ್ದಿದಾರೆ. ಬ್ಯಾಂಡಿನ ಮಕ್ಕಳದ್ದು ಇಪ್ಪತ್ನಾಲ್ಕು ಹೆಸರಿನ ಟ್ಯೂಬು ಬಂತಂತೆ. ಅದರ ಜೊತೆ ಪಟ್ಟೀಲೇ ಇಲ್ಲದ ಗಂಟಲೂ ಬಂದಿದೆಯಂತೆ! ಹೆಸರಿಲ್ಲದ ಒಂದು ಟ್ಯೂಬಲ್ಲಿ ಆ ಕ್ರಿಮಿ ಸಿಕ್ಕಿದೆಯಂತೆ. ಮೂರು ಗಂಟೆಗೆ ಡಾಕ್ಟರಮ್ಮ ಬರ್ತಾರೆ, ವಿಚಾರಿಸೋಕೆ."

ಮೇಷ್ಟ್ರ ಬಾಯಲ್ಲಿದ್ದ ಬ್ಯೂಗಲ್ ಕತ್ತು ಹಿಸುಕಿದ ಬಾತುಕೋಳಿಯ ಹಾಗೆ ಕೀಚ್ ಎಂದಿತು.

ವಿಷಯ ಹೀಗೆ. ಹೋದ ವರ್ಷ ಡಾಕ್ಟರಮ್ಮನ ತಂಡ ಶಾಲೆಗೆ ಬಂದು ಮಕ್ಕಳ ಗಂಟಲಿಗೆ ಹತ್ತಿ ಕಡ್ಡಿ ಆಡಿಸಿ, ಆಮೇಲೆ ತೋಳಿಗೆ ಲಸಿಕೆ ಹಾಕಿ ಹೋಗಿತ್ತು. ಮೆನಿಂಜೈಟಿಸ್ ಅಂತ, ಮೆದುಳಿನ ಪೊರೆಗೆ ಬರುವ ಕೆಟ್ಟ ಜ್ವರ, ಅದಕ್ಕೆ. ಮೂರು ವಾರದ ಹಿಂದೆ ಮತ್ತೆ ಬಂದು ಅವೇ ಗಂಟಲುಗಳಿಗೆ ಮತ್ತೆ ಕಡ್ಡಿ ಆಡಿಸಿದರು. ಅವತ್ತು ಬ್ಯೂಗಲ್ಲಿನ ಹನ್ನೆರಡು ಮಕ್ಕಳು ಮೇಷ್ಟ್ರ ಜೊತೆ ಈ ಕೋಣೆಯಲ್ಲಿ, ಡೋಲಿನ ಹನ್ನೆರಡು ಮಕ್ಕಳು ಹೆಡ್‌ಮಿಸ್ ಜೊತೆ ಆಚೆ ಕೋಣೆಯಲ್ಲಿ. ಸಾಲಿನ ಕೊನೆಗಿದ್ದ ಜಡೆಯ ಹುಡುಗಿ ಕಡ್ಡಿ ಕಂಡು ಅಳುವುದಕ್ಕೆ ಶುರುಮಾಡಿದಳು. ಕಡ್ಡಿಯವರು ಆಚೆ ತಿರುಗಿದ್ದಾಗ ಮೇಷ್ಟ್ರು, "ಇಷ್ಟಕ್ಕೆ ಅಳ್ತಾರೇನೆ? ನೋಡು, ನಾನೇ ಮಾಡ್ಕೋತೀನಿ" ಎಂದು ಒಂದು ಕಡ್ಡಿ ತೆಗೆದು ತಮ್ಮ ಗಂಟಲಿಗೇ ಆಡಿಸಿ, ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕು, ಅದನ್ನು ಖಾಲಿ ಟ್ಯೂಬಿಗೆ ಹಾಕಿ ಮುಚ್ಚಿ ಸ್ಟ್ಯಾಂಡಿಗೆ ಸಿಕ್ಕಿಸಿದ್ದರು. ಶಿಸ್ತಿನ ಮನುಷ್ಯ, ಎಲ್ಲೋ ಬಿಸಾಡಲು ಮನಸ್ಸು ಬರಲಿಲ್ಲ.

'ಅಂದರೆ ಕ್ರಿಮಿ ನನ್ನ ಗಂಟಲಲ್ಲಿ! ನಾನು ದಿನಾ ಊದೋದು ಹನ್ನೆರಡು ಬ್ಯೂಗಲ್!' ಮೇಷ್ಟ್ರ ಎದೆ ಡೋಲಾಯಿತು.

"ಇವತ್ತು ಬರೀ ಡೋಲು. ಬ್ಯೂಗಲ್ ಕೆಳಗಿಡಿ!" ಎಂದವರೇ ಟವಲನ್ನು ಬಾಯಿಗೆ ಬಿಗಿದು ಕಟ್ಟಿಕೊಂಡರು.

"ಸಾರ್, ಹಲ್ಲು ಹೋಯ್ತಾ?" ಎಂದು ಜಡೆಯ ಹುಡುಗಿ ಕೇಳಿದಳು.

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿ, ಹನ್ನೆರಡನ್ನೂ ಮೂಟೆ ಕಟ್ಟಿ, ಹೆಗಲಿಗೇರಿಸಿ ಮನೆಗೆ ಓಡಿದರು.

ಮನೆಯ ಹಿತ್ತಲಲ್ಲಿ ಅವರ ಹೆಂಡತಿ ದೊಡ್ಡ ಹಂಡೆಯಲ್ಲಿ ಬಿಳಿ ಹಾಸಿಗೆ ಬಟ್ಟೆ ನೆನೆಹಾಕಿ ಒಲೆ ಹೊತ್ತಿಸಿದ್ದಳು. ಅವಳು ಸೋಪು ತರಲು ಒಳಗೆ ಹೋದದ್ದೇ ತಡ, ಮೇಷ್ಟ್ರು ಮೂಟೆ ಬಿಚ್ಚಿ ಬ್ಯೂಗಲ್ಲುಗಳನ್ನು ಒಂದೊಂದಾಗಿ ಹಂಡೆಗೆ ಇಳಿಬಿಟ್ಟರು. ಅವುಗಳ ಕೊರಳಿಗೆ ಕೆಂಪು ಗೊಂಡೆ ಕಟ್ಟಿದ್ದು ಆ ಗಾಬರಿಯಲ್ಲಿ ನೆನಪಾಗಲಿಲ್ಲ. ನೀರು ಬೆಚ್ಚಗಾಯಿತಷ್ಟೇ. ಗೊಂಡೆಗಳು ಮೂವತ್ತು ವರ್ಷದ ಬಣ್ಣವನ್ನು ಒಂದೇ ಏಟಿಗೆ ಕಕ್ಕಿದವು. ಗೊಂಡೆ ಹಿಡಿದೆಳೆಯಲು ಹೋದ ಮೇಷ್ಟ್ರ ಎರಡು ಕೈಯೂ ಮೊಣಕೈವರೆಗೆ ಕೆಂಪಾದವು. ಹಾಸಿಗೆ ಬಟ್ಟೆಗಳಂತೂ ಮದುವೆಗೆ ಹೊರಟ ಹಾಗಿದ್ದವು.

"ರೀ!" ಎಂದಳು ಹೆಂಡತಿ, ಸೋಪು ಕೈಯಲ್ಲೇ ಹಿಡಿದು. "ಬಟ್ಟೆ ಒಗೆಯೋ ಹಂಡೇಲಿ ಇದೇನ್ರೀ?"

"ಕ್ರಿಮಿ ಕಣೇ. ನನ್ನ ಹತ್ರ ಬರಬೇಡ. ನನ್ನ ಲೋಟ ಬೇರೆ ಇಡು."

"ಲೋಟ ಯಾಕೆ, ನಿಮ್ಮನ್ನೇ ಬೇರೆ ಇಡ್ತೀನಿ ತಾಳಿ!"

ಬೇಲಿಯ ಮೇಲಿಂದ ಒಂದು ತಲೆ ಎದ್ದಿತು. ಪಕ್ಕದ ಮನೆಯ ಕಾಂಪೌಂಡರ್ ಅಜ್ಜ. ಆಸ್ಪತ್ರೆಯ ಕೆಲಸ ಬಿಟ್ಟು ಇಪ್ಪತ್ತು ವರ್ಷವಾದರೂ ಬೀದಿಗೆಲ್ಲ ಬೇಡವೆಂದರೂ ಔಷಧಿ ಹೇಳುವುದನ್ನು ಬಿಟ್ಟಿರಲಿಲ್ಲ.

"ಏನಪ್ಪಾ, ತುತ್ತೂರಿ ಬೇಯಿಸಿ ತಿಂತೀಯಾ? ಹಲ್ಲು ಬೇರೆ ಅಲ್ಲಾಡ್ತಿದೆ ನಿಂಗೆ."

ಮೇಷ್ಟ್ರು ಟವಲಿನೊಳಗಿಂದಲೇ ವಿಷಯ ಹೇಳಿ, "ಯಾರಿಗೂ ಹೇಳಬೇಡಿ ಅಜ್ಜಾ" ಎಂದರು. ಅಜ್ಜ ಉಪ್ಪು ನೀರಿನಲ್ಲಿ ನಲವತ್ತು ಸಲ ಬಾಯಿ ಮುಕ್ಕಳಿಸಲು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮೇಷ್ಟ್ರು ಇಪ್ಪತ್ತೇಳನೆಯ ಸಲ ಮುಕ್ಕಳಿಸುವಷ್ಟರಲ್ಲಿ ಸುದ್ದಿ ಬೀದಿ ದಾಟಿತು. ಮೊದಲ ಮನೆಗೆ ಹೋದಾಗ ಅದು ಒಂದು ಟ್ಯೂಬು; ಶಾಲೆಯ ಗೇಟಿಗೆ ಬರುವಾಗ ಇಪ್ಪತ್ನಾಲ್ಕು ಮಕ್ಕಳಿಗೂ ಜ್ವರ.

ಮಧ್ಯಾಹ್ನ ಎರಡಕ್ಕೆ ಮೇಷ್ಟ್ರು ಶಾಲೆಗೆ ಬಂದರೆ ಹೆಡ್‌ಮಿಸ್ ಕೋಣೆಯ ಮುಂದೆ ತಂದೆತಾಯಿಯರ ಜಾತ್ರೆ.

"ಲಸಿಕೆ ಅಂತ ನೀರು ಚುಚ್ಚಿದ್ರಾ?" ಎನ್ನುತ್ತಿದ್ದಳು ಜಡೆಯ ಹುಡುಗಿಯ ತಾಯಿ, ಟೈಲರಮ್ಮ. ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. "ಚುಚ್ಚಿದ ಮೇಲೂ ಕ್ರಿಮಿ ಹೆಂಗ್ರೀ ಬಂತು?"

"ಅದಕ್ಕೇ ನಾನು ಹೇಳೋದು, ಬ್ಯಾಂಡು ನಿಲ್ಲಿಸಿ, ಕೋಣೆ ನನಗೆ ಕೊಡಿ. ತೊಳಿಸ್ತೀನಿ," ಎಂದರು ಡ್ರಿಲ್ ಮೇಷ್ಟ್ರು.

ಹೆಡ್‌ಮಿಸ್ ಮೇಜಿನ ಹಿಂದೆ ಕೂತು ಬೆವರೊರೆಸಿಕೊಳ್ಳುತ್ತಿದ್ದರು. ಪ್ರತಿ ಸೋಮವಾರ ಸ್ವಚ್ಛತೆಯ ಮೇಲೆ ಮುಕ್ಕಾಲು ಗಂಟೆ ಭಾಷಣ ಮಾಡುವ ಹೆಂಗಸು. ಸದಾ ಕೆಂಪು ಶಾಯಿಯಲ್ಲಿ ತಪ್ಪು ತಿದ್ದಿ ತಿದ್ದಿ ಬೆರಳ ತುದಿಯೆಲ್ಲ ಕೆಂಪು. ಇವತ್ತು ಭಾಷಣದ ಬದಲು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

"ಹಾಗಾದ್ರೆ... ಶನಿವಾರ ಬ್ಯಾಂಡು ಬೇಡ," ಎಂದರು ಕೊನೆಗೆ.

ಬಾಗಿಲ ಪಕ್ಕ ನಿಂತಿದ್ದ ಮಕ್ಕಳ ಮುಖಗಳು ಬಾಡಿದವು. ಜಡೆಯ ಹುಡುಗಿ ಅವತ್ತು ಕಡ್ಡಿ ಕಂಡಾಗ ಅತ್ತಂತೆಯೇ ಬಾಯಿ ಬಿಟ್ಟಳು. ಅದನ್ನು ಮೇಷ್ಟ್ರಿಗೆ ನೋಡಲಾಗಲಿಲ್ಲ. ಟವಲು ಬಿಚ್ಚಿ ಮುಂದೆ ಬಂದರು.

"ಮಕ್ಕಳದ್ದೇನೂ ತಪ್ಪಿಲ್ಲ ಮೇಡಂ. ಆ ಹೆಸರಿಲ್ಲದ ಗಂಟಲು ನಂದು. ಮಗುಗೆ ಧೈರ್ಯ ಹೇಳೋಕೆ ಹೋಗಿ ನಾನೇ ಕಡ್ಡಿ ಹಾಕ್ಕೊಂಡೆ. ಇನ್ಮೇಲೆ ನಾನು ಊದಲ್ಲ. ಮಕ್ಕಳು ಊದಲಿ. ಬ್ಯಾಂಡು ನಿಲ್ಲಿಸಬೇಡಿ."

ಹೆಡ್‌ಮಿಸ್ ಅವರನ್ನು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ನೋಡಿದರು. ಮುಳುಗುವವರಿಗೆ ಹಗ್ಗ ಸಿಕ್ಕಂತೆ ಅವರ ಮುಖದಲ್ಲಿ ಬಣ್ಣ ಬಂತು. "ನಿಮ್ಮದಾ? ನಿಮ್ಮದೇನಾ? ಸರಿ ಸರಿ. ಬರ್ದುಕೊಡಿ. ಬ್ಯಾಂಡು ಇರುತ್ತೆ."

ಮೇಷ್ಟ್ರು ಬರೆದುಕೊಟ್ಟರು: ಇಂದಿನಿಂದ ಈ ಶಾಲೆಯಲ್ಲಿ ಯಾವ ವಾದ್ಯವನ್ನೂ ಬಾಯಿಗೆ ಇಡುವುದಿಲ್ಲ. ಸಹಿ ಹಾಕುವಾಗ ಒಂಬತ್ತು ವರ್ಷದ ಆ ಉಸಿರು ಎದೆಯಿಂದ ಸುಮ್ಮನೆ ಇಳಿದುಹೋಯಿತು.

ಮೂರಕ್ಕೆ ಡಾಕ್ಟರಮ್ಮನ ವ್ಯಾನು ಬಂತು. ಸಣ್ಣ ಆಳು, ದೊಡ್ಡ ಕನ್ನಡಕ. ಗಲಾಟೆಯನ್ನೆಲ್ಲ ಪೂರ್ತಿ ಕೇಳಿಸಿಕೊಂಡು, ಒಂದು ಲೋಟ ನೀರು ಕುಡಿದು, ಆಮೇಲೆ ಬಾಯಿ ತೆರೆದರು.

"ಯಾರಿಗೂ ಜ್ವರ ಇಲ್ಲ, ಏನೂ ಇಲ್ಲ. ಈ ಕ್ರಿಮಿ ಒಬ್ಬ ಬಾಡಿಗೆದಾರ ಅಂತ ಇಟ್ಕೊಳ್ಳಿ. ಎಷ್ಟೋ ಜನರ ಗಂಟಲಲ್ಲಿ, ಮನೆ ಮೆಟ್ಟಿಲ ಮೇಲೆ ಕೂತ ಹಾಗೆ, ಬಂದು ಕೂತಿರ್ತಾನೆ. ಹರೆಯದ ಮಕ್ಕಳ ಗಂಟಲು ಅಂದ್ರೆ ಅವನಿಗೆ ಬಲು ಇಷ್ಟ. ಸುಮಾರು ಸಲ ಯಾರಿಗೂ ತೊಂದರೆ ಕೊಡದೆ ತಾನೇ ಎದ್ದುಹೋಗ್ತಾನೆ. ಎಲ್ಲೋ ಒಬ್ಬರಲ್ಲಿ ಒಳಮನೆಗೆ ನುಗ್ತಾನೆ, ಆಗ ಅಪಾಯ. ಲಸಿಕೆ ಒಳಮನೆಗೆ ಹಾಕೋ ಬೀಗ."

"ಮತ್ತೆ ಬೀಗ ಹಾಕಿದ ಮೇಲೂ ಮೆಟ್ಟಿಲ ಮೇಲೆ ಕೂತಿರಬಹುದಾ?" ಎಂದಳು ಟೈಲರಮ್ಮ.

"ಅದೇ ನಮ್ಮ ಪರೀಕ್ಷೆ, ಅಮ್ಮಾ! ಬೀಗ ಹಾಕಿದ್ರೆ ಮೆಟ್ಟಿಲ ಮೇಲಿನವನೂ ಜಾಗ ಖಾಲಿ ಮಾಡ್ತಾನಾ ಇಲ್ವಾ ಅಂತ. ಕೆಲವು ಲಸಿಕೆ ಎಬ್ಬಿಸುತ್ತೆ, ಕೆಲವಕ್ಕೆ ಅವನು ಕ್ಯಾರೇ ಅನ್ನಲ್ಲ. ಇದು ಯಾವ ಜಾತಿಯದ್ದು ಅನ್ನೋದಕ್ಕೆ ಸಾವಿರಾರು ಮಕ್ಕಳ ಲೆಕ್ಕ ಸೇರಬೇಕು. ನಿಮ್ಮ ಇಪ್ಪತ್ನಾಲ್ಕರಲ್ಲಿ ಹೇಳೋಕಾಗಲ್ಲ. ಮಕ್ಕಳು ಊದಲಿ. ಅವರವರ ಬ್ಯೂಗಲ್ ಅವರವರು ಊದಿದ್ರೆ ಆಯ್ತು."

ಎಲ್ಲರೂ ಉಸಿರು ಬಿಟ್ಟರು. ಡ್ರಿಲ್ ಮೇಷ್ಟ್ರು ಮಾತ್ರ ಬಿಡಲಿಲ್ಲ.

"ಈಗ ನಾನು ಬಂದಿದ್ದು ಇದಕ್ಕೆ," ಎಂದು ಡಾಕ್ಟರಮ್ಮ ಚೀಲದಿಂದ ಎರಡು ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. "ಪಟ್ಟೀಲಿ ಇಪ್ಪತ್ನಾಲ್ಕು. ಬಂದಿದ್ದು ಇಪ್ಪತ್ತಾರು. ಹೆಸರಿಲ್ಲದ್ದು ಎರಡು. ಇದರ ಮುಚ್ಚಳದ ಮೇಲೆ ಹಸಿರು ಬೆರಳಚ್ಚು. ಇದರಲ್ಲಿ ಕ್ರಿಮಿ ಇಲ್ಲ. ಇನ್ನೊಂದರ ಮೇಲೆ ಕೆಂಪು ಬೆರಳಚ್ಚು. ಕ್ರಿಮಿ ಇದ್ದಿದ್ದು ಇದರಲ್ಲಿ."

ಮೇಷ್ಟ್ರು ತಮ್ಮ ಹೆಬ್ಬೆರಳ ಕಿಲುಬು ನೆನೆದರು. ಹಸಿರು! ಎದೆಯೊಳಗೆ ಹನ್ನೆರಡು ಬ್ಯೂಗಲ್ ಒಟ್ಟಿಗೇ ಕೂಗಿದವು. ತಮ್ಮ ಗಂಟಲು ಸ್ವಚ್ಛ! ಶನಿವಾರದ ಕೂಗು ಮರಳಿ ಬಂತು! "ಆ ಹಸಿರು ನಂದು!" ಎನ್ನಲು ಕೈ ಮೇಲೆತ್ತಿದರು.

"ಸಿಕ್ತು!" ಎಂದು ಡ್ರಿಲ್ ಮೇಷ್ಟ್ರು ಆ ಕೈಯನ್ನು ಗಪ್ಪನೆ ಹಿಡಿದರು. "ನೋಡಿ ಕೈ, ನೋಡಿ! ಎಷ್ಟು ಕೆಂಪಗಿದೆ!"

ಆ ಕೆಂಪು ಹತ್ತಿದ್ದು ಇವತ್ತು, ಕಡ್ಡಿ ಆಡಿಸಿದ್ದು ಮೂರು ವಾರದ ಹಿಂದೆ. ಆದರೆ ಗುಂಪಿಗೆ ಕ್ಯಾಲೆಂಡರು ಎಲ್ಲಿ ಗೊತ್ತು? "ಹೌದಲ್ಲಾ!" ಎಂದಿತು ಗುಂಪು.

ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಮೇಜಿನ ಮೇಲಿದ್ದ ಇನ್ನೊಂದು ಕೈ ಮೆಲ್ಲನೆ ಸೆರಗಿನೊಳಗೆ ಸರಿಯುವುದು ಕಣ್ಣಿಗೆ ಬಿತ್ತು. ಬೆರಳ ತುದಿಗಳು ಕೆಂಪು. ಆಚೆ ಕೋಣೆಯಲ್ಲೂ ಅವತ್ತು ಯಾವುದೋ ಡೋಲಿನ ಮಗು ಅತ್ತಿರಬೇಕು. ಅಲ್ಲೂ ಯಾರೋ ಧೈರ್ಯ ಹೇಳಿರಬೇಕು. ಹೆಡ್‌ಮಿಸ್ ಕಣ್ಣು, ಹೋಂವರ್ಕ್ ಮಾಡದೆ ಬಂದ ಹುಡುಗಿಯ ಕಣ್ಣಿನ ಹಾಗೆ ಅವರನ್ನೇ ನೋಡುತ್ತಿತ್ತು.

"...ಹೌದು. ಕೆಂಪು ನಂದು," ಎಂದರು ಮೇಷ್ಟ್ರು.

"ಹಾಗಾದ್ರೆ ಹಸಿರು ಯಾರದು?" ಎಂದರು ಡಾಕ್ಟರಮ್ಮ, ಅವರ ಹೆಬ್ಬೆರಳನ್ನೇ ನೋಡುತ್ತ.

"ಅದೂ ನಂದೇ."

"ಎರಡು ಸಲ ಹಾಕ್ಕೊಂಡ್ರಾ?"

"ಮೊದಲ್ನೇದು ಮಗುಗೆ ಸರಿಯಾಗಿ ಕಾಣಿಸಲಿಲ್ಲ."

"ಒಂದೇ ಗಂಟಲು, ಒಂದೇ ಗಳಿಗೆ. ಒಂದು ಕಡ್ಡೀಲಿ ಬಾಡಿಗೆದಾರ ಇದಾನೆ, ಇನ್ನೊಂದರಲ್ಲಿ ಇಲ್ಲ! ಲಸಿಕೆಯೂ ಇಲ್ಲದೆ ಇಷ್ಟು ಬೇಗ ಖಾಲಿ ಮಾಡಿಸಿದೋರನ್ನ ನಾನು ನೋಡೇ ಇಲ್ಲ ಮೇಷ್ಟ್ರೇ." ಡಾಕ್ಟರಮ್ಮ ಕನ್ನಡಕದ ಮೇಲಿಂದ ಒಮ್ಮೆ ಸೆರಗಿನ ಕಡೆ ನೋಡಿದರು. ಆಮೇಲೆ ನಗು ನುಂಗಿ, ಪುಸ್ತಕದಲ್ಲಿ ಎರಡೂ ಸಾಲು ಹೊಡೆದುಹಾಕಿದರು. "ಪಟ್ಟೀಲಿಲ್ಲದ ಗಂಟಲು ನಮಗೆ ಬೇಡ. ದೊಡ್ಡೋರಿಗೂ ಇದರಿಂದ ಭಯವಿಲ್ಲ. ಅವರೂ ಊದಬಹುದು."

"ಅದೆಲ್ಲ ಸರಿ. ಆದ್ರೂ ಮೇಷ್ಟ್ರು ಬೇಡ. ಬರ್ದುಕೊಟ್ಟಾಗಿದೆ," ಎಂದಿತು ಗುಂಪು, ಒಂದೇ ಬಾಯಲ್ಲಿ.

ಶನಿವಾರ ಸೇತುವೆಯ ಮೇಲೆ ಮೊದಲ ಕೂಗು ಊದಿದವಳು ಜಡೆಯ ಹುಡುಗಿ. ಗೊಂಡೆಗಳು ಬಿಳಚಿಕೊಂಡಿದ್ದವು, ಕೂಗು ಮಾತ್ರ ಹೊಳೆ ದಾಟಿ ಆಚೆ ದಡದ ಗೋಡೆಗೆ ಬಡಿದು ವಾಪಸು ಬಂತು. ಮೇಷ್ಟ್ರು ಬ್ಯಾಂಡಿನ ಕೋಲು ಹಿಡಿದು ಪಕ್ಕದಲ್ಲಿ ನಿಂತಿದ್ದರು. 'ನನಗಿಂತ ಚೆನ್ನಾಗಿ ಊದಿದಳಲ್ಲ, ಕಳ್ಳಿ' ಎಂದುಕೊಂಡರು. ಅವರಿಗೆ ಸಂತೋಷವೇ ಆಯಿತು. ರಾತ್ರಿ ಗುಲಾಬಿ ಬಣ್ಣದ ಹಾಸಿಗೆಯ ಮೇಲೆ ನೆಮ್ಮದಿಯಾಗಿ ನಿದ್ದೆಯೂ ಬಂತು.

ಡಾಕ್ಟರಮ್ಮನ ವ್ಯಾನು ಹೊರಟುಹೋದದ್ದು ಆ ಗುರುವಾರವೇ. ಹೆಡ್‌ಮಿಸ್ ನಿವೃತ್ತಿಯಾಗಿ ಹೊರಟದ್ದು ಮೂರು ತಿಂಗಳ ಮೇಲೆ, ಒಂದು ಸೋಮವಾರ. ಭಾಷಣವಿಲ್ಲದ ಮೊದಲ ಸೋಮವಾರ ಅದು. ಗೇಟಿನ ಹತ್ತಿರ ನಿಂತು, ಚೀಲದಿಂದ ಆ ಬರೆದುಕೊಟ್ಟ ಕಾಗದ ತೆಗೆದು, ಕೆಂಪು ಬೆರಳುಗಳಿಂದ ನಾಲ್ಕು ಚೂರು ಮಾಡಿದರು.

"ಈಗ ಊದಿ ಮೇಷ್ಟ್ರೇ. ನಾನು ರಸ್ತೆ ದಾಟೋವರೆಗೂ ಊದಿ."

ಮೇಷ್ಟ್ರು ಬ್ಯೂಗಲ್ ಎತ್ತಿ ತುಟಿಗಿಟ್ಟರು. ಎದೆ ತುಂಬ ಉಸಿರೆಳೆದರು. ಫುಸ್ ಎಂದಿತು.

ಮುಂದಿನ ಎರಡು ಹಲ್ಲು ಮೂರು ದಿನ ಮುಂಚೆ, ಶುಕ್ರವಾರವೇ ಹೊರಟುಹೋಗಿದ್ದವು.