ಸ್ಕಾಟ್ಲೆಂಡಿನ ಲಂಗಕ್ಕೆ ಗಿಳಿಯಂಚು

ಸ್ಕಾಟ್ಲೆಂಡ್, ಐರ್ಲೆಂಡಿನ ಜನಪದ ಗೀತೆಗಳ ಆಲ್ಬಮ್ಮನ್ನು ಚಳ್ಳಕೆರೆಯಿಂದ ಹೊರತಂದ ಮೊದಲ ಗಾಯಕ ನಾನೇ. ಎರಡನೆಯವರು ಇನ್ನೂ ಬಂದಿಲ್ಲ. ಬರುವ ಸೂಚನೆಯೂ ಇಲ್ಲ!

ಮದುವೆ ಮನೆಗಳಲ್ಲಿ ಸೋಬಾನೆ, ಕೋಲಾಟದ ಪದ ಹಾಡಿಕೊಂಡಿದ್ದವನು ನಾನು. ಒಂದು ದಿನ ಮೊಬೈಲಿನಲ್ಲಿ ಆ ದೇಶಗಳ ಕುರಿಗಾಹಿಗಳ ಹಾಡು ಕೇಳಿ, ‘ಇಷ್ಟೇ ತಾನೆ?’ ಅನ್ನಿಸಿತು. ಒಂಬತ್ತು ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಅರ್ಥದ ಗೊಡವೆಗೆ ಹೋಗಲಿಲ್ಲ. ಪಕ್ಕದ ಎಣ್ಣೆ ಗಿರಣಿಗೆ ರಜೆಯಿದ್ದ ಭಾನುವಾರ, ತಮಟೆ ಬಡಿದುಕೊಂಡು ಎಲ್ಲವನ್ನೂ ರೆಕಾರ್ಡ್ ಮಾಡಿ ಮುಗಿಸಿದೆ.

ಉಳಿದದ್ದು ಮುಖಪುಟದ ಫೋಟೊ. ಫೋಟೊಗ್ರಾಫರ್ ಗೆಳೆಯ ತಿಪ್ಪೇಶ ತಕರಾರು ತೆಗೆದ.

“ಲೇ, ಅಲ್ಲಿ ಗಂಡಸ್ರು ಚೌಕಳಿ ಲಂಗ ಉಡ್ತಾರೆ. ನೀನು ಪಂಚೆ ಉಟ್ಟು ನಿಂತ್ರೆ ಯಾರು ನಂಬ್ತಾರೆ?”

ಚಳ್ಳಕೆರೆಯಲ್ಲಿ ಗಂಡಸರ ಲಂಗ ಎಲ್ಲಿ ಸಿಗಬೇಕು? ಬೀರು ತೆರೆದೆ. ಹೆಂಡತಿ ಪದ್ಮಳ ಧಾರೆ ಸೀರೆ ಕಂಡಿತು. ಮೊಳಕಾಲ್ಮೂರಿನ ನನ್ನ ಮಾವ ತಾವೇ ನೇಯ್ದು ಕೊಟ್ಟ ಕೆಂಪು ಚೌಕಳಿ ರೇಷ್ಮೆ. ಪದ್ಮ ತವರಿಗೆ ಹೋಗಿದ್ದಳು. ಸೀರೆಯನ್ನು ಒಂದು ಗಂಟೆಯ ಮಟ್ಟಿಗೆ ಎರವಲು ಪಡೆಯಲಾಯಿತು!

ಊರಾಚೆಯ ಬಂಡೆ ಹತ್ತಿ, ಸೀರೆಯನ್ನು ಮೊಣಕಾಲಿನವರೆಗೆ ಮಡಿಸಿ ಸುತ್ತಿ, ಹನ್ನೊಂದು ಪಿನ್ನು ಚುಚ್ಚಿಕೊಂಡೆ. ತಿಪ್ಪೇಶ “ನಗು” ಅಂದ. ನಕ್ಕೆ. ಗಾಳಿ ಬೀಸಿತು. ಪಿನ್ನುಗಳು ಸಾಮೂಹಿಕ ರಾಜೀನಾಮೆ ಕೊಟ್ಟವು. ಸೆರಗು ಹಾರಿ ಜಾಲಿಮುಳ್ಳಿಗೆ ಸಿಕ್ಕಿ ‘ಪರ್ರ್’ ಅಂದಿತು!

ಸೀರೆಯನ್ನು ಬೀರುವಿನ ತಳದಲ್ಲಿ ತುರುಕಿ, ಆಲ್ಬಮ್ಮನ್ನು ಲೋಕಾರ್ಪಣೆ ಮಾಡಿದೆ. ತಿಪ್ಪೇಶ ಮುಖಪುಟವನ್ನು ಕಂಡಕಂಡವರ ಮೊಬೈಲಿಗೆ ಕಳಿಸಿದ. ಮರುದಿನ ಬೆಳಿಗ್ಗೆ ಪದ್ಮಳ ಫೋನು.

“ರೀ, ಫೋಟೊದಾಗೆ ಸೊಂಟಕ್ಕೆ ಏನ್ರಿ ಸುತ್ಕಂಡೀರಿ?”

“ಅದಾ? ಸ್ಕಾಟ್ಲೆಂಡಿನ ಲಂಗ ಕಣೇ.”

“ಅದರ ಅಂಚಿನಾಗೆ ನಮ್ಮಪ್ಪ ನೇಯ್ದ ಗಿಳಿ ಯಾಕೈತೆ?”

ಮಧ್ಯಾಹ್ನದ ಬಸ್ಸಿಗೆ ಅಪ್ಪ, ಮಗಳು ಇಬ್ಬರೂ ಬಂದಿಳಿದರು. ಬೀರುವಿನ ತಳದಿಂದ ಸೀರೆ ಎಳೆದು, ಹರಿದ ಸೆರಗನ್ನು ಮಡಿಲಲ್ಲಿಟ್ಟುಕೊಂಡು ಪದ್ಮ ಸುಮ್ಮನೆ ಕೂತಳು. ಕಣ್ಣಲ್ಲಿ ನೀರು. ನಾಲ್ಕು ಬೈದಿದ್ದರೆ ವಾಸಿಯಿತ್ತು. “ತಪ್ಪಾಯ್ತು ಕಣೇ” ಅಂದೆ. ಸಮಾಧಾನವಾಗಲಿ ಎಂದು ಆಲ್ಬಮ್ಮಿನ ಒಂದು ಹಾಡು ಹಾಕಿದೆ.

ಆಗ ಬೈದಳು!

ಕೈಕಾಲು ತೊಳೆದು ಹಿತ್ತಲಿನಿಂದ ಆಗಷ್ಟೇ ಒಳಬಂದ ಮಾವ ಸೆರಗನ್ನು ಬೆಳಕಿಗೆ ಹಿಡಿದು ನೋಡಿದರು. “ಏಡವಕಮ್ಮಾ,” ಅಳಬೇಡವೆಂದು ತೆಲುಗಿನಲ್ಲಿ ಹೇಳಿ ಮಗಳ ತಲೆ ಸವರಿದರು. “ಎಳೆಗೆ ಎಳೆ ಸೇರಿಸಿ ಕೊಡ್ತೀನಿ. ಗೊತ್ತೇ ಆಗಾಕಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ.

“ಅಳಿಯಂದ್ರೇ, ನಿಮ್ಮ ಫೋಟೊ ನೋಡಿ ಬೆಳಿಗ್ಗೆಯಿಂದ ಮೂರು ಜನ ಫೋನ್ ಮಾಡ್ಯಾರೆ. ಅಂಥದ್ದೇ ಸೀರೆ ಬೇಕಂತೆ.”

ನನ್ನ ಎದೆ ಉಬ್ಬಿತು. “ಹೌದಾ ಮಾವ? ಹಾಡಿನ ಬಗ್ಗೆ ಏನಂದ್ರು?”

ಮಾವ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಅದರಾಗೆ ಹಾಡೂ ಐತಾ?”