ಮಸ್ಕತ್ತಿನ ಅಕ್ಕನ ಕೋಡಿಂಗ್ ಪಾಠ

ನಮ್ಮಕ್ಕ ಕಂಪ್ಯೂಟರನ್ನೂ ಬಹುವಚನದಲ್ಲೇ ಬೈಯುವ ಹೆಂಗಸು. ನಂಬಿಕೆ ಬರ್ತಿಲ್ವಾ? ಮಸ್ಕತ್ತಿಗೆ ಒಂದು ವಿಡಿಯೊ ಕಾಲ್ ಮಾಡಿ ನೋಡಿ. "ಏನ್ರೀ ನಿಮ್ಮ ಗೋಳು? ಎಷ್ಟು ಸಲ ಹೇಳಬೇಕ್ರೀ ನಿಮಗೆ?" ಅಂತ ಲ್ಯಾಪ್‌ಟಾಪಿನ ಮುಂದೆ ಕೈ ಆಡಿಸ್ತಾ ಕೂತಿರ್ತಾಳೆ. ಕಟ್ಟಿಕೊಂಡ ಗಂಡನಿಗೆ ಮಾತ್ರ ಏಕವಚನ! "ನನಗಿಲ್ಲದ ಮರ್ಯಾದೆ ಆ ಡಬ್ಬಕ್ಕಾ?" ಅಂತ ಭಾವ ಕೇಳಿದ್ದಕ್ಕೆ, "ಅವರ ಪರಿಚಯ ಇನ್ನೂ ಹೊಸದು ಮಾರಾಯ" ಅಂದಳಂತೆ.

ಅಕ್ಕ ಹೊನ್ನಾಳಿಯ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿದ್ದವಳು. ಭಾವನಿಗೆ ಮಸ್ಕತ್ತಿನಲ್ಲಿ ಎಲೆಕ್ಟ್ರಿಶಿಯನ್ ಕೆಲಸ ಸಿಕ್ಕಿತು, ಜೊತೆಗೆ ಹೋದಳು. ಅಲ್ಲಿ ಇವಳ ಸಮಾಜ ವಿಜ್ಞಾನ ಯಾರಿಗೆ ಬೇಕು? ಮನೆಯಲ್ಲೇ ಕೂತಳು. ಕೂತಳು ಅಂದ್ರೆ ಸುಮ್ಮನೆ ಅಲ್ಲ. ಪಕ್ಕದ ಮನೆಯ ಕೇರಳದವರಿಗೆ ರೊಟ್ಟಿ ಬಡಿಯೋದು ಕಲಿಸಿದಳು. ತರಕಾರಿ ಮಾರುವವನಿಗೆ ಕನ್ನಡದ ಮಗ್ಗಿ ಕಲಿಸಿದಳು. ಅವನು ಇವಳನ್ನು ಕಂಡ್ರೆ ಅಂಗಡಿ ಹಿಂದೆ ಹೋಗಾಕೆ ಶುರು ಮಾಡಿದ್ದ!

ಒಂದಿನ ಫೋನು ಬಂತು. "ಲೇ, ನಾನು ಬೂಟ್‌ಕ್ಯಾಂಪ್ ಸೇರೀನಿ."

ನಾನು ನ್ಯಾಮತಿಯಲ್ಲಿ ಬ್ಲೌಸ್ ಹೊಲಿಯೋ ಅಂಗಡಿ ಇಟ್ಟುಕೊಂಡವಳು. ನನಗೆ ತಿಳಿದದ್ದು ಅಷ್ಟೇ. "ಈ ವಯಸ್ಸಲ್ಲಿ ಬೂಟು ಹೊಲಿಯಾಕೆ ಹೋಗ್ತೀಯೇನಕ್ಕ?" ಅಂದೆ.

"ಬೂಟಲ್ಲ ಕಣೆ, ಕೋಡಿಂಗು! ಕಂಪ್ಯೂಟರಿಗೆ ಹೆಂಗೆ ಕೆಲಸ ಹೇಳಬೇಕು ಅಂತ ನಮ್ ಕನ್ನಡದೋರೇ ಆನ್‌ಲೈನಿನಲ್ಲಿ ಕಲಿಸ್ತಾರೆ. ಕಲಿತರೆ ಕೆಲಸ ಸಿಗತೈತೆ."

ಹೇಳುವುದು ತಾನೇ? ಅದರಲ್ಲಿ ಇವಳನ್ನು ಮೀರಿಸೋರು ಯಾರಿದ್ದಾರೆ!

ತೊಂದರೆ ಆದದ್ದು ನನಗೆ. ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಡದೆ ಹೋದರೆ ಅಕ್ಕನ ತಲೆಯಲ್ಲಿ ಅದು ನಿಲ್ಲೋದಿಲ್ಲ. ಭಾವ ಮೊದಲ ಪಾಠಕ್ಕೇ ಕೂತಲ್ಲೇ ಗೊರಕೆ ಹೊಡೆದರು. ಹಂಗಾಗಿ ದಿನಾ ಸಂಜೆ ನನ್ನ ಮಿಷನ್ನಿನ ಪಕ್ಕ ಫೋನು ನಿಲ್ಲಿಸಿಕೊಂಡು ನಾನು ಪಾಠ ಕೇಳಬೇಕಾಯ್ತು.

"ನೋಡು, ಒಂದು ಬ್ಲೌಸಿಗೆ ಆರು ಹುಕ್ ಹಚ್ಚಬೇಕು. ಹುಕ್ ಹಚ್ಚು, ಹುಕ್ ಹಚ್ಚು ಅಂತ ಆರು ಸಲ ಹೇಳ್ತೀಯಾ? ಆರು ಆಗೋವರೆಗೂ ಹಚ್ಚು ಅಂತ ಒಂದೇ ಸಲ ಹೇಳ್ತೀಯಾ? ಇದಕ್ಕೇ ಲೂಪ್ ಅನ್ನಾದು."

ಬಟ್ಟೆಗೆ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದ ಹೆಂಗಸು ಎದ್ದು ಬಂದು ಫೋನಿಗೆ ಬಾಯಿ ಹಾಕಿದಳು: "ನೀವು ಹೇಳಾದು ಬಾಳ ಚಲೋ ಐತ್ರೀ ಮೇಡಂ. ಆದ್ರೆ ನಿಮ್ಮ ತಂಗಿ ಒಂದು ಹುಕ್ಕೂ ಹಚ್ಚಿಲ್ರೀ!"

ಅಕ್ಕ ಬರೆದ ಮೊದಲ ಲೂಪಿನ ಕತೆ ಕೇಳಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಪರದೆ ಮೇಲೆ ಊರಿನ ಹೆಸರು ಬರಬೇಕಿತ್ತು. ಬಂತು. ಬರುತ್ತಲೇ ಇತ್ತು! ಎಲ್ಲಿ ನಿಲ್ಲಬೇಕು ಅಂತ ಹೇಳೋದನ್ನೇ ಮರೆತಿದ್ದಳು. ಬಸ್ ತಪ್ಪಿಸಿಕೊಂಡವರ ಹಾಗೆ "ನಿಲ್ರೀ, ನಿಲ್ರೀ!" ಅಂತ ಕಿರುಚಿದಳು. ಅಡುಗೆಮನೆಯಲ್ಲಿದ್ದ ಭಾವ ಓಡಿ ಬಂದವರೇ ಪ್ಲಗ್ಗು ಕಿತ್ತರು. ಎಷ್ಟಾದರೂ ಎಲೆಕ್ಟ್ರಿಶಿಯನ್ ಅಲ್ವಾ? ಆದರೆ ಊರುಗಳು ಓಡುತ್ತಲೇ ಇದ್ದವು. "ಲ್ಯಾಪ್‌ಟಾಪಿಗೆ ಬ್ಯಾಟ್ರಿ ಐತೋ ಮಾರಾಯ!" ಅಂತ ಅಕ್ಕ ತಲೆ ಚಚ್ಚಿಕೊಂಡಳು.

ನಗುನಗುತ್ತಾ ನಡೀತಿದ್ದ ಈ ಪಾಠ ಒಂದು ಸಂಜೆ ನಿಂತುಹೋಯ್ತು. ಅಕ್ಕ ಫೋನು ಮಾಡಿದಳು, ಆದರೆ ಪಾಠ ಶುರು ಮಾಡಲಿಲ್ಲ. ನಡುವಿನ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಕ್ಲಾಸಿನಲ್ಲಿ ಇದ್ದವರೆಲ್ಲ ಇವಳ ಅರ್ಧ ವಯಸ್ಸಿನವರು. ಅವರೆಲ್ಲ ಪಾಸು. ನಿಮಗೆ ಇದು ಕಷ್ಟ ಆಗಬಹುದು, ಯೋಚನೆ ಮಾಡಿ ಅಂತ ಮೇಷ್ಟ್ರು ಮೆತ್ತಗೆ ಹೇಳಿದ್ದರಂತೆ.

"ಬಿಟ್ಟುಬಿಡ್ತೀನಿ ಕಣೆ. ಟೀಚರ್ ಆಗಿದ್ದೆ, ಅದೂ ಹೋತು. ಇದೂ ಆಗಲ್ಲ ನನ್ ಕೈಲಿ."

ಅಕ್ಕನ ಬಾಯಲ್ಲಿ ಈ ಮಾತು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸಮಾಧಾನ ಹೇಳಾಕೆ ನನಗೆ ಬರೋದಿಲ್ಲ. ಬಾಯಿಗೆ ಬಂದದ್ದು ಹೇಳಿದೆ: "ಬಿಡೋದಾದ್ರೆ ಬಿಡು. ಆದ್ರೆ ಮೊನ್ನೆ ಪಾಠದಲ್ಲಿ ಫಂಕ್ಷನ್ ಅಂತ ಏನೋ ಅಂದ್ಯಲ್ಲ, ಅದು ನಂಗೆ ತಿಳೀಲೇ ಇಲ್ಲ. ಅದೊಂದು ಹೇಳಿ ಬಿಡು."

"ಅದ್ರಲ್ಲೇನೈತೆ ತಿಳಿಯದೇ ಇರಾಕೆ? ಒಂದು ಕೆಲಸಕ್ಕೆ ಹೆಸರಿಟ್ಟು, ಬೇಕಾದಾಗ ಆ ಹೆಸರು ಕರೆದು ಮಾಡಿಸಾದು!" ರೇಗಿದಳು. ರೇಗುತ್ತಲೇ ಹೇಳಾಕೆ ಶುರು ಮಾಡಿದಳು. ನಾನು ಬೇಕಂತಲೇ ತಿಳೀಲಿಲ್ಲ ಅಂದೆ. ಮತ್ತೆ ಮೊದಲಿಂದ ಹೇಳಿದಳು. ಅರ್ಧ ದಾರಿಯಲ್ಲಿ ಮಾತು ಗಕ್ಕನೆ ನಿಂತಿತು. "ಅಯ್ಯೋ! ಪರೀಕ್ಷೇಲಿ ನಾನು ಮಾಡಿದ ತಪ್ಪು ಇದೇ ಅಲ್ವೇನೇ?" ಅಂದವಳೇ ಫೋನಿಟ್ಟಳು. ಮರುಪರೀಕ್ಷೆಯಲ್ಲಿ ಪಾಸಾದಳು.

ಕೊನೆಗೆ ಸ್ವಂತದ್ದೊಂದು ಪ್ರೋಗ್ರಾಮ್ ಮಾಡಿ ತೋರಿಸಬೇಕಿತ್ತು. ಅಕ್ಕ ಟೈಲರ್ ಅಂಗಡಿಗೆ ಅಂತ ಮಾಡಿದಳು. ಬಟ್ಟೆ ಹೊಲಿದು ಮುಗಿದ ಕೂಡಲೇ ಗಿರಾಕಿಗೆ ತಾನಾಗಿಯೇ ಮೆಸೇಜ್ ಹೋಗಬೇಕು. ಪರೀಕ್ಷೆ ಮಾಡಾಕೆ ನನ್ನ ಅಂಗಡಿಯೇ ಸಿಕ್ಕಿತು. ಒಬ್ಬಳಿಗೆ ಹೋಗಬೇಕಾದ್ದು ಒಟ್ಟಿಗೆ ಎಲ್ಲರಿಗೂ ಹೋಯ್ತು: 'ನಿಮ್ಮ ಬ್ಲೌಸ್ ರೆಡಿ, ಬನ್ನಿ.' ಬಂದರಪ್ಪಾ! ನ್ಯಾಮತಿಯ ಅರ್ಧ ಹೆಂಗಸರು ಬಾಗಿಲಲ್ಲಿ! ಜಗಳೂರಿನಿಂದ ನಮ್ಮ ಸೋದರತ್ತೆ ಎರಡು ಬಸ್ಸು ಬದಲಾಯಿಸಿ ಬಂದಿಳಿದಳು. ಅವಳ ಬಟ್ಟೆ ನಾನಿನ್ನೂ ಕತ್ತರಿಸಿಯೇ ಇರಲಿಲ್ಲ. ಆವತ್ತು ನಾನು ಕಾಸಿದ ಚಹಾಕ್ಕೆ ಲೆಕ್ಕವಿಲ್ಲ. ಅಕ್ಕ ಫೋನಿನಲ್ಲಿ "ಮೆಸೇಜ್ ಹೋಗೋದಂತೂ ಖಾತ್ರಿ ಆತಲ್ಲ!" ಅಂತ ಖುಷಿಪಟ್ಟಳು.

ಅದನ್ನು ಸರಿಮಾಡಿ, ತೋರಿಸಿ, ಪೂರ್ತಿ ಪಾಸಾದಳು. ಆಮೇಲೆ ಕೆಲಸಕ್ಕೆ ಅಲೆದಳು. ಒಂದು ಕಂಪನಿಯವರೂ ಕರೆಯಲಿಲ್ಲ. ಕರೆದದ್ದು ಅವಳು ಕಲಿತ ಜಾಗದವರೇ. ತಡವಾಗಿ ಕಲಿಯಾಕೆ ಬರೋ ಹೆಂಗಸರಿಗೆ ಆನ್‌ಲೈನಿನಲ್ಲಿ, ಕನ್ನಡದಲ್ಲೇ ಒಂದು ತರಗತಿ ಶುರು ಮಾಡ್ತೀವಿ, ಅದಕ್ಕೆ ನೀವೇ ಟೀಚರ್ ಆಗ್ರಿ ಅಂದರಂತೆ.

ಕಲಿಯೋರ ಪಟ್ಟಿಗೆ ನನ್ನ ಹೆಸರನ್ನೂ ಸೇರಿಸಿಬಿಟ್ಟಿದ್ದಳು, ಒಂದು ಮಾತೂ ಕೇಳದೆ!

ನಾನು ಓದಿದ್ದು ಹತ್ತನೇ ಕ್ಲಾಸು. ಪಾಸಾಗಿದ್ದೆ. ಚನ್ನಗಿರಿಯ ಕಾಲೇಜಿಗೆ ಸೇರಬೇಕು ಅನ್ನುವಾಗ ಅಮ್ಮ ಹಾಸಿಗೆ ಹಿಡಿದಳು, ನಾನು ಹೊಲಿಗೆ ಮಿಷನ್ ಮುಂದೆ ಕೂತೆ. ಆಮೇಲೆ ಏಳಲೇ ಇಲ್ಲ. ಯಾರ ಮೇಲೂ ಬೇಸರವಿಲ್ಲ. ಆದರೆ ಕಾಲೇಜು ಹುಡುಗಿಯರ ಬಟ್ಟೆ ಹೊಲಿಯುವಾಗೆಲ್ಲ ಕೈ ಒಂದು ಗಳಿಗೆ ನಿಧಾನ ಆಗ್ತಿತ್ತು.

ಮೊದಲ ತರಗತಿಯ ದಿನ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ಪರದೆಯ ತುಂಬ ಗುರುತಿಲ್ಲದ ಮುಖಗಳು. ಎಲ್ಲರೂ ನನ್ನ ಹಾಗೇ ಹೆದರಿದ್ದರು. ಅಕ್ಕ ಒಬ್ಬೊಬ್ಬರ ಹೆಸರು ಕರೆಯುತ್ತಾ ಬಂದಳು. ನನ್ನ ಸರದಿ ಬಂತು. ಮನೆಯ ಹೆಸರಲ್ಲ, ಶಾಲೆಯಲ್ಲಿ ಬರೆಸಿದ ಪೂರ್ತಿ ಹೆಸರು ಹಿಡಿದು ಕರೆದಳು.

ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ. ಅಕ್ಕ ಮುಂದಿನ ಹೆಸರಿಗೆ ಹೋಗದೆ ನನ್ನನ್ನೇ ನೋಡುತ್ತಾ ಕಾದಳು.

"ಹಾಜರ್ ಮೇಡಂ" ಅಂದೆ.