ಕಂಪ್ಯೂಟರನ್ನು ಓಡಿಸಲು ಹೋಗಿ

ಯಂತ್ರಗಳ ಬಗ್ಗೆ ಏನೂ ತಿಳಿಯದವರಿಂದ ಮನೆಗೆ ಅಪಾಯವಿಲ್ಲ ಎಂದು ನಾನು ಈಗ ನಂಬಿದ್ದೇನೆ. ಯಂತ್ರ ಕೆಟ್ಟರೆ ಅವರು ಎರಡು ಹೆಜ್ಜೆ ಹಿಂದೆ ಸರಿದು ನಿಂತು ತಿಳಿದವರಿಗೆ ಫೋನ್ ಮಾಡುತ್ತಾರೆ. ಪೂರ್ತಿ ತಿಳಿದವರಿಂದಲೂ ಅಪಾಯವಿಲ್ಲ. ಎಲ್ಲಿ ಕೈ ಹಾಕಬಾರದು ಎಂಬುದು ಅವರಿಗೆ ಗೊತ್ತಿರುತ್ತದೆ. ಇವರಿಬ್ಬರ ನಡುವೆ ನನ್ನಂಥವರು ಒಂದಷ್ಟು ಜನ ಇದ್ದೇವೆ. ನಮ್ಮ ವಿಮಾ ಕಚೇರಿಗೆ ಮೊದಲ ಸಲ ಕಂಪ್ಯೂಟರ್ ಬಂದಾಗ, ಮೂರು ದಿನದ ತರಬೇತಿಗೆ ಹೋಗಬೇಕಿದ್ದ ಸಹೋದ್ಯೋಗಿಗೆ ಕಾಮಾಲೆಯಾಗಿ ನನ್ನನ್ನು ಕಳಿಸಿದರು. ಆ ಕಾಮಾಲೆಯ ಫಲವಾಗಿ ನೆಂಟರಿಷ್ಟರಲ್ಲೆಲ್ಲ ನಾನು 'ಕಂಪ್ಯೂಟರ್ ಗೊತ್ತಿರೋ ಮೂರ್ತಿ' ಆದೆ. ನಿವೃತ್ತನಾಗಿ ಲಿಂಗರಾಜಪುರದ ಮನೆಯಲ್ಲಿ ಕೂತ ಮೇಲೂ ಆ ಬಿರುದು ಬಿಡಲಿಲ್ಲ. ಯಾರದೋ ಪ್ರಿಂಟರ್ ಕಾಗದ ನುಂಗಿದರೆ, ಯಾರೋ ಪಾಸ್‌ವರ್ಡ್ ಮರೆತರೆ ನನಗೆ ಕರೆ ಬರುತ್ತಿತ್ತು. ಹೋಗಿ ಆಫ್ ಮಾಡಿ ಆನ್ ಮಾಡುತ್ತಿದ್ದೆ. ಸರಿಹೋದರೆ ಹೊಗಳಿಕೆ ಪಡೆಯುತ್ತಿದ್ದೆ. ಹೋಗದಿದ್ದರೆ, "ಇದು ಹಳೇದಾಯ್ತು, ಬದಲಾಯಿಸ್ಬಿಡಿ" ಎಂದು ಗಂಭೀರವಾಗಿ ಹೇಳಿ ಕಾಫಿ ಕುಡಿದು ಬರುತ್ತಿದ್ದೆ. ಹೀಗೆ ಇಪ್ಪತ್ತೈದು ವರ್ಷ ಯಾರ ಕೈಗೂ ಸಿಕ್ಕಿಬೀಳದೆ ಬದುಕಿದ್ದೆ.

ನನ್ನ ಅಣ್ಣ ಶ್ರೀಕಂಠ ಕಗ್ಗದಾಸಪುರದಲ್ಲಿದ್ದಾನೆ. ಸರ್ಕಾರಿ ಕಾರ್ಖಾನೆಯೊಂದರ ಮಷಿನ್ ಶಾಪ್‌ನಲ್ಲಿ ಫೋರ್‌ಮನ್ ಆಗಿದ್ದವನು. ಲೇತುಗಳ ಗದ್ದಲದ ಮೇಲೆ ಕೂಗಿ ಕೂಗಿ ಬಲಿತ ದನಿ ಅವನದು. ಊಟಕ್ಕೆ ಕೂತು ಉಪ್ಪು ಕೇಳಿದರೆ ಎದುರುಮನೆಯವರು ತಂದುಕೊಡಬೇಕು, ಅಷ್ಟು ಜೋರು. ಕಳೆದ ವರ್ಷ ಆ ದನಿ ಒಡೆಯತೊಡಗಿತು. ತಣ್ಣೀರು ಕುಡಿದದ್ದಕ್ಕೆ ಎಂದು ಒಂದು ತಿಂಗಳು, ಧೂಳಿಗೆ ಎಂದು ಮೂರು ತಿಂಗಳು ಕಳೆದ. ಕೊನೆಗೆ ಆಸ್ಪತ್ರೆಯಲ್ಲಿ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದಾಗ ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಇತ್ತು. ಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ಭಯವಿಲ್ಲ, ಆದರೆ ಸ್ವಂತ ದನಿ ಇನ್ನಿಲ್ಲ ಎಂದರು. ಅಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಒಬ್ಬರಿದ್ದರು. ಅವರು, "ಆಪರೇಷನ್ ಮುಂಚೆ ಇವರು ಮನೇಲಿ ದಿನಾ ಆಡೋ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿಟ್ಕೊಳ್ಳಿ. ಆಮೇಲೆ ಫೋನಲ್ಲಿ ಬಟನ್ ಒತ್ತಿದ್ರೆ ಇವರ ದನೀಲೇ ಬರತ್ತೆ" ಎಂದರು. ಅಣ್ಣ ತಿರುಗಿ ನನ್ನ ಮುಖ ನೋಡಿದ. ಅತ್ತಿಗೆಯೂ ನೋಡಿದರು. ಕಂಪ್ಯೂಟರ್ ಗೊತ್ತಿರುವವನು ನಾನೇ ತಾನೆ.

ಎರಡು ವಾರ ದಿನವೂ ಕಗ್ಗದಾಸಪುರಕ್ಕೆ ಹೋಗಿ, ಮೇಡಂ ಕೊಟ್ಟ ಪಟ್ಟಿಯಂತೆ ಮುನ್ನೂರ ಎಂಬತ್ತು ಮಾತುಗಳನ್ನು ನನ್ನ ಫೋನಿನಲ್ಲಿ ಹಿಡಿದೆ. ಕಾಫಿ ಬೇಕು. ಫ್ಯಾನ್ ಹಾಕು. ಇಲ್ಲಿ ನೋಯ್ತಿದೆ. ಯಾರು ಬಂದಿದ್ದು? ಅಣ್ಣ ಪ್ರತಿಯೊಂದನ್ನೂ ಶಾಲೆಯ ಮಗುವಿನಂತೆ ಕೈಕಟ್ಟಿ ಕೂತು ಹೇಳುತ್ತಿದ್ದ. ಅಡುಗೆಮನೆಯ ಕುಕ್ಕರು, ಬೀದಿಯಲ್ಲಿ ಸೊಪ್ಪಿನವನ ಧ್ವನಿವರ್ಧಕ, ದೂರದ ರೈಲು ಎಲ್ಲವೂ ಅದರಲ್ಲಿ ಸೇರಿಕೊಂಡವು. ಆ ಸದ್ದನ್ನೆಲ್ಲ ತೆಗೆದು ಬರೀ ದನಿ ಉಳಿಸುವ ಒಂದು ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ಫೋನು ತುಂಬಿಹೋಗಿತ್ತು. ಅದರಲ್ಲಿದ್ದುದನ್ನು ಕಂಪ್ಯೂಟರಿಗೆ ನಕಲು ಮಾಡುವ ಬದಲು ಕಿತ್ತು ಸಾಗಿಸಿಬಿಟ್ಟೆ. ಫೋನಿನಲ್ಲಿ ಒಂದು ಮಾತೂ ಉಳಿಯಲಿಲ್ಲ.

ಒಂಬತ್ತು ವರ್ಷದ ಕಂಪ್ಯೂಟರು ಒಂದೊಂದು ಮಾತನ್ನು ಶುದ್ಧ ಮಾಡಲು ಐದೈದು ನಿಮಿಷ ತೆಗೆದುಕೊಂಡಿತು, ಒಂದು ಮುಗಿದ ಮೇಲೆ ಇನ್ನೊಂದನ್ನು ನಾನೇ ಕೂತು ಹಚ್ಚಬೇಕಿತ್ತು. ಆಪರೇಷನ್ ಗುರುವಾರ, ಬುಧವಾರ ಬೆಳಿಗ್ಗೆಯೇ ಆಸ್ಪತ್ರೆಗೆ ಸೇರಬೇಕು. ಮೇಡಂ ಮಂಗಳವಾರ ಎಲ್ಲವನ್ನೂ ಕೇಳಿ ನೋಡುವೆನೆಂದಿದ್ದರು. ಭಾನುವಾರ ಮಧ್ಯಾಹ್ನಕ್ಕೆ ಇನ್ನೂ ಇನ್ನೂರು ಮಾತು ಬಾಕಿ. ಆಗ ನನಗೆ ಓವರ್‌ಕ್ಲಾಕಿಂಗ್ ಎಂಬ ಮಾತು ನೆನಪಾಯಿತು. ಕಂಪ್ಯೂಟರ್ ತಯಾರಿಸಿದವರು ಅದಕ್ಕೊಂದು ವೇಗ ಗೊತ್ತುಮಾಡಿ ಕಳಿಸಿರುತ್ತಾರೆ. ಒಳಗಿನ ಸೆಟ್ಟಿಂಗ್ ಬದಲಾಯಿಸಿ ಅದನ್ನು ಅದಕ್ಕಿಂತ ಜೋರಾಗಿ ಓಡಿಸುವುದೇ ಈ ಕಸುಬು. ಒಂದು ವಿಡಿಯೋ ನೋಡಿದೆ. ಅದರಲ್ಲಿದ್ದವನ ಕಂಪ್ಯೂಟರು ಬೇರೆ, ನನ್ನದು ಬೇರೆ ಎಂಬುದು ಹೊಳೆಯಲಿಲ್ಲ. ಅವನು ಒಂದೊಂದೇ ಹೆಜ್ಜೆ ಏರಿಸಿ, ಪ್ರತಿ ಸಲವೂ ಬಿಸಿ ನೋಡಿ, ಗಂಟೆಗಟ್ಟಲೆ ಪರೀಕ್ಷೆ ಮಾಡಬೇಕೆಂದ. ಆ ಭಾಗವನ್ನು ನಾನು ಓಡಿಸಿಕೊಂಡು ಮುಂದೆ ಹೋದೆ. ಅವನು ಕೊನೆಗೆ ಇಟ್ಟ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು, ಪ್ರೊಸೆಸರಿನ ವೇಗ, ವೋಲ್ಟೇಜು, ಮೆಮೊರಿಯ ವೇಗ ಮೂರನ್ನೂ ಒಂದೇ ಸಲಕ್ಕೆ ಏರಿಸಿದೆ.

"ರೀ, ಓಡ್ತಾ ಇರೋದನ್ನ ಯಾಕ್ ಮುಟ್ತೀರಿ?" ಎಂದಳು ಹೆಂಡತಿ ಸುಮಿತ್ರಾ.

"ಓಡ್ತಿಲ್ಲ, ತೆವಳ್ತಿದೆ" ಎಂದೆ.

ನಿಜಕ್ಕೂ ಓಡಿತು. ಐದು ನಿಮಿಷದ ಕೆಲಸ ಮೂರೂವರೆ ನಿಮಿಷಕ್ಕೆ ಬಂತು. ಡಬ್ಬದೊಳಗಿನ ಫ್ಯಾನು ಮಿಕ್ಸಿಯಂತೆ ಕೂಗುತ್ತಿತ್ತು. ಅದನ್ನು ನಾನು ಉತ್ಸಾಹವೆಂದು ತಿಳಿದೆ. ಕೂತು ಕಾಯುವುದು ತಪ್ಪಲೆಂದು, ಮೊದಲು ಮಾಡಿಟ್ಟಿದ್ದವೂ ಇನ್ನೊಂದು ಸಲ ತಿಳಿಯಾಗಲೆಂದು ಸೇರಿಸಿ, ಎಲ್ಲ ಮಾತುಗಳನ್ನೂ ಒಟ್ಟಿಗೆ ಸಾಲಿಗೆ ಹಚ್ಚಿ, ಶುದ್ಧವಾದದ್ದನ್ನು ಮೂಲದ ಮೇಲೆಯೇ ಬರೆಯುವಂತೆ ಹೇಳಿ, ಹೊರಗೆ ಬಂದು ಅಣ್ಣನಿಗೆ ಫೋನ್ ಮಾಡಿ, "ನಾಳೆ ಮುಗಿಯತ್ತೆ, ನೀನೇನ್ ಯೋಚ್ನೆ ಮಾಡ್ಬೇಡ" ಎಂದೆ. "ನಿನ್ನ ನಂಬ್ಕೊಂಡಿದೀನಿ ಕಣೋ" ಎಂದ. ಆ ದನಿ ಒಣ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದಂತಿತ್ತು.

ಸೋಮವಾರ ಪರದೆ ನೀಲಿಯಾಯಿತು. ಆಫ್ ಮಾಡಿ ಆನ್ ಮಾಡಿದೆ. ಬಂತು, ಮತ್ತೆ ನೀಲಿಯಾಯಿತು. ಮೂರನೆಯ ಸಲ ಪರದೆ ಕಪ್ಪಾಗಿಯೇ ಉಳಿದು, ಡಬ್ಬದೊಳಗಿಂದ ಬೀಪ್ ಬೀಪ್ ಎಂಬ ಸದ್ದು ಮಾತ್ರ ಬಂತು. ನನ್ನ ಇಡೀ ವಿದ್ಯೆ ಅಲ್ಲಿಗೆ ಖರ್ಚಾಯಿತು. ಆಮೇಲೂ ದಿನವಿಡೀ ಕೇಬಲ್ಲುಗಳನ್ನು ಕಿತ್ತು ಚುಚ್ಚಿದೆ, ಬಟ್ಟೆಯಿಂದ ಒರೆಸಿದೆ, ಸುಮಿತ್ರಾ ಕಾಣದಾಗ ಡಬ್ಬದ ಪಕ್ಕೆಗೆ ಎರಡೇಟು ಹಾಕಿದೆ. ಮಂಗಳವಾರ ಬೆಳಿಗ್ಗೆ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ಶಿವಾಜಿನಗರಕ್ಕೆ ಒಯ್ದೆ. ಅಲ್ಲಿ ಒಂದು ಗಲ್ಲಿಯಲ್ಲಿ ನಯಾಜ್ ಭಾಯಿಯ ಅಂಗಡಿ ಇದೆ. ಒಂದು ಕಾಲಕ್ಕೆ ರೇಡಿಯೋ ರಿಪೇರಿ ಮಾಡುತ್ತಿದ್ದವರು, ನನಗಿಂತ ಹಿರಿಯರು, ಕನ್ನಡಕದ ಮೇಲೊಂದು ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುತ್ತಾರೆ.

"ಏನಾಯ್ತು ಸಾರ್?"

"ಅದಾಗದೇ ನಿಂತ್ಹೋಯ್ತು" ಎಂದೆ. ವಿಮಾ ಕಚೇರಿಯಲ್ಲಿ ಕ್ಲೇಮಿನ ಅರ್ಜಿಗಳನ್ನು ನೋಡುವುದು ನನ್ನ ಕೆಲಸವಾಗಿತ್ತು. ಬೆಂಕಿ ಅದಾಗದೇ ಹತ್ತಿಕೊಂಡಿತು, ಗಾಡಿ ಅದಾಗದೇ ಉರುಳಿತು ಎಂದು ಬರೆದವರ ಅರ್ಜಿಯಲ್ಲಿ 'ಅದಾಗದೇ' ಎಂಬುದರ ಕೆಳಗೆ ಕೆಂಪು ಗೆರೆ ಎಳೆದು ವಾಪಸ್ಸು ಕಳಿಸುತ್ತಿದ್ದೆ. ಆ ಪದ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಎಂಬುದು ಅವತ್ತು ಗೊತ್ತಾಯಿತು.

ನಯಾಜ್ ಭಾಯಿ ಮದರ್‌ಬೋರ್ಡಿನಿಂದ ನಾಣ್ಯದಂಥ ಒಂದು ಸಣ್ಣ ಬ್ಯಾಟರಿಯನ್ನು ಕಿತ್ತು, ಒಂದು ಟೀ ಕುಡಿಯುವಷ್ಟು ಹೊತ್ತು ಬಿಟ್ಟು ಮತ್ತೆ ಕೂರಿಸಿದರು. ನಾನು ತುಂಬಿದ್ದ ಅಂಕಿಗಳೆಲ್ಲ ಅದಕ್ಕೆ ಮರೆತುಹೋಗಿ ಪರದೆಯಲ್ಲಿ ಬೆಳಕು ಬಂತು. ಪ್ರೊಸೆಸರಿನ ಮೇಲಿದ್ದ ಫ್ಯಾನನ್ನು ಬಿಚ್ಚಿ ತೋರಿಸಿದರು. ಬಿಸಿಯನ್ನು ಹೀರಿ ಸಾಗಿಸಬೇಕಾದ ಪೇಸ್ಟು ಹಳೆಯ ಸುಣ್ಣದಂತೆ ಉದುರುತ್ತಿತ್ತು. ಅದನ್ನು ಕೆರೆದು ಹೊಸದು ಹಚ್ಚಿದರು. ನಾನು ಜೇಬಿನಿಂದ ಚೀಟಿ ತೆಗೆದು ನಿಜ ಹೇಳಿದೆ.

"ಅರೆ, ಒಂದೇ ಸಲ ಮೂರ್ ಕಡೆ ಕೈ ಹಾಕಿದೀರ. ಯಾವ್ದು ತಡ್ಕೊಂಡಿದೆ, ಯಾವ್ದು ತಡ್ಕೊಂಡಿಲ್ಲ ಹೆಂಗೆ ಗೊತ್ತಾಗತ್ತೆ? ಸ್ವಲ್ಪ ಏರ್ಸಿ ನೋಡ್ಬೇಕು, ಆಮೇಲೆ ಸ್ವಲ್ಪ. ಹೋಗ್ಲಿ ಬಿಡಿ, ಮಿಷಿನ್ ಬದುಕ್ತು."

ಸಮಾಧಾನದಿಂದ ನನಗೆ ನಗು ಬಂತು. ಫೈಲುಗಳನ್ನು ತೆರೆದೆವು. ಹೆಸರುಗಳೆಲ್ಲ ಇದ್ದವು. 'ಕಾಫಿ ಬೇಕು' ಒತ್ತಿದರೆ ಎಣ್ಣೆಗೆ ಸಾಸಿವೆ ಬಿದ್ದ ಸದ್ದು. 'ಫ್ಯಾನ್ ಹಾಕು' ತೆರೆಯಲೇ ಇಲ್ಲ. ನಯಾಜ್ ಭಾಯಿ ಒಂದೊಂದನ್ನೇ ಒತ್ತುತ್ತ ಹೋದರು. ಮೆಮೊರಿಯನ್ನು ಅದರ ಶಕ್ತಿ ಮೀರಿ ಓಡಿಸಿದ್ದರಿಂದ ಅದು ತಪ್ಪು ತಪ್ಪಾಗಿ ಹಿಡಿದು, ಆ ತಪ್ಪನ್ನೇ ಮೂಲದ ಮೇಲೆ ಬರೆದಿತ್ತು. ಮುನ್ನೂರ ಎಂಬತ್ತರಲ್ಲಿ ಸರಿಯಾಗಿ ಕೇಳಿಸಿದ್ದು ಹನ್ನೊಂದು. ಅದರಲ್ಲಿ ನಾಲ್ಕು 'ಬೇಡ'.

"ಫೋನಲ್ಲಿ ಇರತ್ತಲ್ಲ ಸಾರ್?"

"ಕಟ್ ಮಾಡಿ ಹಾಕಿದ್ದೆ."

ಅಳಿಸಿಹೋದುದನ್ನು ಹುಡುಕುವ ಏನೇನೋ ಉಪಾಯ ಮಾಡಿದರು. ಫೋನಿನಲ್ಲೂ ಏನೂ ಉಳಿದಿರಲಿಲ್ಲ. "ಯಾರ್ದು ಇದು ಆವಾಜ್?" ಎಂದರು. ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಡ್ರಾಯರಿನಿಂದ ಕಾಲರಿಗೆ ಸಿಕ್ಕಿಸುವ ಪುಟ್ಟ ಮೈಕೊಂದನ್ನು ತೆಗೆದು ನನ್ನ ಕೈಗಿತ್ತರು. "ಇವತ್ತು ಇದೆಯಲ್ಲ ಸಾರ್ ಇನ್ನೂ. ಹೋಗಿ. ಮಿಷಿನ್ ಇಲ್ಲೇ ಇರ್ಲಿ."

ಕಗ್ಗದಾಸಪುರದ ರೈಲ್ವೆ ಗೇಟು ಹಾಕಿತ್ತು. ಆಟೋದಲ್ಲಿ ಕೂತು, ಅಣ್ಣನಿಗೆ ಹೇಳಬೇಕಾದ ವಾಕ್ಯವನ್ನು ನಾಲ್ಕಾರು ರೀತಿ ಕಟ್ಟಿ ನೋಡಿದೆ. ಪ್ರತಿ ವಾಕ್ಯದಲ್ಲೂ ಕಂಪ್ಯೂಟರೇ ಕರ್ತೃವಾಗಿ ಬರುತ್ತಿತ್ತು. ಗೇಟು ತೆರೆಯದಿದ್ದರೆ ಸಾಕಪ್ಪ ಅನ್ನಿಸಿತು. ಇಡೀ ಜನ್ಮದಲ್ಲಿ ಒಂದೇ ಸಲ ಅದು ಬೇಗ ತೆರೆಯಿತು.

ಅಣ್ಣ ವರಾಂಡದ ಕುರ್ಚಿಯಲ್ಲಿದ್ದ. ಅತ್ತಿಗೆ ಆಸ್ಪತ್ರೆಗೆ ಒಯ್ಯುವ ಚೀಲಕ್ಕೆ ಪಂಚೆ, ಟವೆಲ್ಲು, ಫ್ಲಾಸ್ಕು ತುಂಬುತ್ತಿದ್ದರು. ನಾನು ಪುಕ್ಕಲ. ಮೊದಲು ಏನೂ ಹೇಳದೆ, "ಸ್ವಲ್ಪ ಚೆಕ್ ಮಾಡ್ಬೇಕಿತ್ತು" ಎಂದು ಅಣ್ಣನ ಕಾಲರಿಗೆ ಮೈಕು ಸಿಕ್ಕಿಸಿ ಫೋನಿನಲ್ಲಿ ರೆಕಾರ್ಡಿಂಗ್ ಚಾಲೂ ಮಾಡಿದೆ. "ಎಲ್ಲಾ ಆಯ್ತು ಅಂದ್ಯಲ್ಲೋ, ಮತ್ತೇನ್ ಚೆಕ್ಕು?" ಎಂದ. ಹೇಳಿದೆ. ಓವರ್‌ಕ್ಲಾಕಿಂಗ್ ಎಂದರೇನೆಂದೂ ವಿವರಿಸಿದೆ, ಯಾಕೋ ಏನೋ.

ಕಾಯಿಲೆ ಗೊತ್ತಾದಂದಿನಿಂದ ಎಲ್ಲರೂ ಅಣ್ಣನ ಹತ್ತಿರ ಮೆತ್ತಗೆ ಮಾತಾಡುತ್ತಿದ್ದೆವು, ಅವನೂ ಮೆತ್ತಗಾಗಿಬಿಟ್ಟಿದ್ದ. ಅವತ್ತು ಎದ್ದು ನಿಂತ.

"ಕೈ ಸುಮ್ನೆ ಇರಲ್ವಾ ನಿಂಗೆ? ಹುಟ್ಟಿದಾಗ್ಲಿಂದ ನೋಡ್ತಿದೀನಿ. ಅಪ್ಪನ ರೇಡಿಯೋ ಬಿಚ್ದೆ. ನನ್ ಸೈಕಲ್ ತಗೊಂಡ್ಹೋಗಿ ಹಲಸೂರು ಕೆರೆಗೆ ಇಳಿಸ್ದೆ. ಮುಟ್ಬೇಡ ಅಂದ್ರೆ ಮುಟ್ತೀಯ. ಗೊತ್ತಿಲ್ಲ ಅಂತ ಒಂದ್ ಸಲ ಬಾಯಿ ಬಿಟ್ಟು ಹೇಳಿದೀಯಾ ನೀನು? ಒಂದ್ ಸಲ?"

ಒಂಬತ್ತು ನಿಮಿಷ ಬೈದ. ಮಷಿನ್ ಶಾಪಿನ ಹಳೆಯ ದನಿ ಎಲ್ಲಿಂದಲೋ ಎದ್ದು ಬಂದಿತ್ತು. ಎದುರುಮನೆಯವರು ಬಾಲ್ಕನಿಗೆ ಬಂದು ನೋಡಿದರು. ನಡುವೆ ಫ್ಯಾನು ಆರಿಸೆಂದ, ಬಾಗಿಲು ಹಾಕೆಂದ, ಕಾಫಿ ಬೇಡವೆಂದ, ಮತ್ತೆ ಬೈದ. ಕೊನೆಗೆ ಕೆಮ್ಮು ಬಂದು ಕುಸಿದು ಕೂತ. ಅತ್ತಿಗೆ ನೀರು ಕುಡಿಸಿ, ನನ್ನ ಕಡೆ ತಿರುಗಿ, "ಪಟ್ಟಿ ಎಲ್ಲಿದೆ ಮೂರ್ತಿ? ಕೊಡಿ ಇಲ್ಲಿ. ಅಳೋದೆಲ್ಲ ಆಮೇಲೆ" ಎಂದರು. ನಾನು ಅಳುತ್ತಿದ್ದುದು ನನಗೆ ಆಗಲೇ ಗೊತ್ತಾದದ್ದು.

ಅವರು ಪೆನ್ಸಿಲ್ ಹಿಡಿದು ತೀರ ಬೇಕಾದವಕ್ಕೆ ಗುರುತು ಹಾಕಿದರು. 'ಥ್ಯಾಂಕ್ಸ್' ಎಂಬುದನ್ನು ಅಣ್ಣ ತಾನೇ ಹೊಡೆದುಹಾಕಿ, "ನಾನ್ ಯಾವತ್ ಹೇಳಿದೀನಿ?" ಎಂದ. ಮೂವತ್ತೆಂಟು ಮಾತು ಹಿಡಿಯುವಷ್ಟರಲ್ಲಿ ದನಿ ಕಳಚತೊಡಗಿತು. ಪಟ್ಟಿಯ ಕೊನೆಯಲ್ಲಿ ಮನೆಯವರ ಹೆಸರುಗಳಿದ್ದವು. ಅಣ್ಣ ನಲವತ್ತಮೂರು ವರ್ಷದ ಸಂಸಾರದಲ್ಲಿ ಅತ್ತಿಗೆಯನ್ನು 'ಏ' ಎಂದೋ 'ಇವಳೇ' ಎಂದೋ ಕರೆದವನೇ ಹೊರತು ಹೆಸರು ಹಿಡಿದವನಲ್ಲ. ಆದರೆ ಮೊದಲ ಸಲ ರೆಕಾರ್ಡ್ ಮಾಡುವಾಗ, ಪಟ್ಟಿಯಲ್ಲಿದೆಯೆಂದು, ಅಡುಗೆಮನೆಯ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ 'ಗಿರಿಜಾ' ಎಂದಿದ್ದ. ಅತ್ತಿಗೆಗೆ ಕೇಳಿಸಿರಲಿಲ್ಲ, ಕುಕ್ಕರು ಕೂಗುತ್ತಿತ್ತು. ಶನಿವಾರ ಆ ಕೂಗನ್ನು ತೆಗೆದು ಅದನ್ನು ಶುದ್ಧ ಮಾಡಿದವನು ನಾನೇ. ಅತ್ತಿಗೆ ಲೋಟ ಇಡಲು ಒಳಗೆ ಹೋದಾಗ ಪಟ್ಟಿಯ ಆ ಸಾಲನ್ನು ಬೆರಳಿಟ್ಟು ತೋರಿಸಿದೆ. ಅಣ್ಣ ಬಾಯಿ ತೆರೆದ. ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದ, ಮತ್ತೆ ಗಾಳಿ ಬಂತು. ಸಾಕು ಎಂಬಂತೆ ಕೈಯಾಡಿಸಿದ. ಬೆಳಿಗ್ಗೆ ಒಂದು ಗುಟುಕು ಬಿಸಿನೀರು ಕುಡಿದರೆ ಸರಿಹೋದೀತೆಂದುಕೊಂಡೆ. ಹೋಗಲಿಲ್ಲ. ಬುಧವಾರ ಆಸ್ಪತ್ರೆಯ ಫಾರಂ ತುಂಬುವಾಗ ಅವನು ತನ್ನ ಹೆಸರನ್ನೂ ಬರೆದೇ ತೋರಿಸಿದ.

ಆಪರೇಷನ್ ಚೆನ್ನಾಗಿಯೇ ಆಯಿತು. ಅಣ್ಣ ಈಗ ಕತ್ತಿನಲ್ಲಿರುವ ರಂಧ್ರದಿಂದ ಉಸಿರಾಡುತ್ತಾನೆ, ಅದರ ಮೇಲೊಂದು ತೆಳು ಬಟ್ಟೆ. ಮೂವತ್ತೆಂಟು ಮಾತು ಸಾಲದೆಂದು ಮೇಡಂ ಮೈಕಿನಲ್ಲಿ ಸಿಕ್ಕಿದ್ದ ಆ ಒಂಬತ್ತು ನಿಮಿಷದ ಬೈಗುಳವನ್ನೂ ಕೇಳಿ ನೋಡಿದರು. ಎಲ್ಲಕ್ಕಿಂತ ಸ್ಪಷ್ಟವಾಗಿರುವುದು, ಸಹಜವಾಗಿರುವುದು ಅದೇ ಎಂದು ಹೇಳಿ, ತಾವೇ ಕೂತು ಅದನ್ನು ತುಂಡು ಮಾಡಿ ಫೋನಿನ ಬಟನ್ನುಗಳಿಗೆ ಹಾಕಿಕೊಟ್ಟರು. ಹಾಗಾಗಿ ಅಣ್ಣನ ಮನೆಯಲ್ಲಿ ಫ್ಯಾನು ಆರಿಸುವುದು, ಬಾಗಿಲು ಹಾಕುವುದು ಎಲ್ಲವೂ ನನ್ನ ಮೇಲಿನ ಸಿಟ್ಟಿನಲ್ಲೇ ನಡೆಯುತ್ತದೆ. ಹಾಲಿನವನು ಒಮ್ಮೆ ಬೆಚ್ಚಿಬಿದ್ದನಂತೆ. ನಾನು ಹೋದರೆ ಅಣ್ಣ ಬಟನ್ ಒತ್ತಿ ನನಗೆ 'ಮುಟ್ಬೇಡ' ಎಂದು ಕೇಳಿಸಿ, ಭುಜ ಕುಣಿಸಿ ಸದ್ದಿಲ್ಲದೆ ನಗುತ್ತಾನೆ. ಅತ್ತಿಗೆಯೂ ನಗುತ್ತಾರೆ. ಅವರನ್ನು ಕರೆಯಬೇಕಾದಾಗ ಅವನು ಕುರ್ಚಿಯ ತೋಳನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಾನೆ.

ಅವನು ಒಮ್ಮೆ ಹೆಸರು ಹಿಡಿದು ಕರೆದಿದ್ದನೆಂದು ಅತ್ತಿಗೆಗೆ ನಾನಿನ್ನೂ ಹೇಳಿಲ್ಲ. ಹೇಳಿದರೆ ಅದನ್ನು ಕಳೆದದ್ದನ್ನೂ ಹೇಳಬೇಕು. ಅಣ್ಣನೂ ಬರೆದು ತೋರಿಸಿದಂತಿಲ್ಲ. ಅತ್ತಿಗೆ ಪತ್ರಿಕೆ ಓದುತ್ತಾರೆ, ಆದರೆ ಅದರಲ್ಲಿ ಆಗೀಗ ಬರುವ ನನ್ನ ಬರಹಗಳನ್ನು ಮಾತ್ರ ಮೊದಲ ಪ್ಯಾರಾ ನೋಡಿ, "ನಿಮ್ದು ಬರೀ ಉದ್ದ ಮೂರ್ತಿ" ಎಂದು ಮಡಚಿಡುತ್ತಾರೆ. ಆ ಧೈರ್ಯದ ಮೇಲೆಯೇ ಇಷ್ಟು ಉದ್ದ ಬರೆದೆ.